ಪೋರ್ಟಲ್ ಬೇಡ ಮಾರಾಯ, ನಿನ್ನ ಕೆಲಸ ಬೇಕು

ಪ್ರೀತಿಯ ಗೆಳೆಯಾ,

ನಿಮ್ಮ ಕಂಪನಿ ರಾತ್ರಿ ಹೊತ್ತು ಸುದ್ದಿ ತಿದ್ದಿ ಬಿಡುವ ಡೆಸ್ಕನ್ನೇ ಮುಚ್ಚಿತು, ಪರಿಹಾರದ ದುಡ್ಡು ಕೊಟ್ಟು ಎಲ್ಲರನ್ನೂ ಕಳಿಸಿತು ಅಂತ ಬರೆದಿದ್ದೀಯ. ಓದಿ ಬೇಜಾರಾಯಿತು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಅದರ ಕೆಳಗಿನ ಸಾಲಿಗೆ. ಇಷ್ಟು ವರ್ಷ ದುಡಿದರೂ ತೋರಿಸಲು ನನ್ನ ಹೆಸರಿರುವ ಒಂದು ಸುದ್ದಿ ಇಲ್ಲ, ಊರಿಗೂ ಆಗಲಿಲ್ಲ, ಇಲ್ಲಿಗೂ ಆಗಲಿಲ್ಲ ಅಂದಿದ್ದೀಯ. ಕೊನೆಗೆ ಒಂದು ಪ್ರಶ್ನೆ: ಮಡಿಕೇರಿಗೆ ಬಂದು ಒಂದು ನ್ಯೂಸ್ ಪೋರ್ಟಲ್ ಶುರು ಮಾಡಲಾ?

ಉತ್ತರ ಉದ್ದ ಇದೆ. ನಿನ್ನನ್ನು ಕೇಳಿಯೇ ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಯಾಕೆಂದರೆ ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಕಡೆಯಲ್ಲೆಲ್ಲ ಮೊಬೈಲ್ ಹಿಡಿದು ಸುದ್ದಿ ಮಾಡುವ ಹುಡುಗ ಹುಡುಗಿಯರು ಈಗ ಬೇಕಾದಷ್ಟು ಇದ್ದಾರೆ, ಅವರಿಗೆ ನಿನ್ನಂಥವರ ಕೆಲಸ ಏನು ಅಂತ ಗೊತ್ತಿಲ್ಲ. ವರದಿಗಾರ ಗೊತ್ತು. ಆಂಕರ್ ಗೊತ್ತು. ಹಿಂದೆ ಕೂತು ತಿದ್ದುವವನು, ತಡೆಯುವವನು, ಯಾವುದನ್ನು ಯಾವಾಗ ಬಿಡಬೇಕು ಅಂತ ತೀರ್ಮಾನ ಮಾಡುವವನು ಗೊತ್ತಿಲ್ಲ. ನಿನ್ನ ಅವ್ವನನ್ನು ಯಾರಾದರೂ ಕೇಳಿದರೆ ಇವತ್ತಿಗೂ 'ಅವನದು ಕೆನಡಾದಲ್ಲಿ ಕಂಪ್ಯೂಟರಲ್ಲಿ ಪೇಪರ್ ಕೆಲಸ' ಅಂತಾರೆ. ಅದೇನೂ ತಪ್ಪಲ್ಲ. ಆದರೆ ಅಷ್ಟೇ ಅಲ್ಲ.

ನಾವಿಬ್ಬರೂ ಮಡಿಕೇರಿಯಲ್ಲಿ ಬರೆಯಲು ಶುರು ಮಾಡಿದ ಕಾಲದಲ್ಲಿ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೈಯಲ್ಲಿ ಬರೆದ ಹಾಳೆ, ಫೋಟೋದ ರೋಲ್, ಎರಡನ್ನೂ ಕವರಿಗೆ ಹಾಕಿ, ಮೇಲೆ ಪತ್ರಿಕೆಯ ಹೆಸರು ಬರೆದು ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನ ಹುಡುಗ ಕಾದು ನಿಂತು ತೆಗೆದುಕೊಳ್ಳುತ್ತಿದ್ದ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರೆ ಸುದ್ದಿಯೂ ಮರದ ಈಚೆಯೇ ಉಳಿಯಿತು. ಅರ್ಜೆಂಟ್ ಇದ್ದರೆ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್, ಅದಕ್ಕೆ ಕೈಯಿಂದ ದುಡ್ಡು. ಜಿಲ್ಲೆಯ ಒಳಗಿನ ಸುದ್ದಿಗೆ ಶಕ್ತಿ ಪತ್ರಿಕೆ ಇತ್ತು. 1957ರಿಂದ ಮಡಿಕೇರಿಯಲ್ಲೇ ಅಚ್ಚಾಗುವ ಪತ್ರಿಕೆ ಅದು. ಕೈಗೆ ಬಂದ ಕೂಡಲೇ ಜನ ಎಲ್ಲೆಲ್ಲಿ ಎಷ್ಟು ಇಂಚು ಮಳೆ, ಯಾರು ತೀರಿಕೊಂಡರು ಅಂತ ನೋಡಿ, ಆಮೇಲೆ ಉಳಿದದ್ದು. ಆ ಎರಡು ವಿಷಯದಲ್ಲಿ ತಪ್ಪಾದರೆ ನಮ್ಮ ಜನ ಸುಮ್ಮನೆ ಬಿಡುವವರಲ್ಲ. ಜನರ ಆ ಪೆಟ್ಟಿನಿಂದಲೇ ನಾವಿಬ್ಬರೂ ಕೆಲಸ ಕಲಿತೆವು ಅಂತ ನನಗೆ ಈಗಲೂ ಅನಿಸುತ್ತದೆ.

ಆ ಜೀಪ್ ಮಗುಚಿದ ಸಂಜೆ ನೆನಪಿದೆಯಾ? ಘಟ್ಟದಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬರ ಹೆಸರು ಗ್ಯಾರಂಟಿ ಆಗಿತ್ತು. ಇನ್ನೊಬ್ಬರದು ಆಗಿರಲಿಲ್ಲ, ಯಾಕೆಂದರೆ ಅದೇ ಊರಿನಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ಬಸ್ ಹೊರಡಲು ಹಾರ್ನ್ ಹೊಡೆಯುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಕವರ್ ಮುಚ್ಚಲೇ ಇಲ್ಲ. 'ಆಸ್ಪತ್ರೆಯಿಂದ ಅವರ ಮನೆಯವರು ನೋಡಿ ಹೇಳಲಿ, ಆಮೇಲೆ ಕಳಿಸುತ್ತೇನೆ' ಅಂದೆ. ಬಸ್ ಹೋಯಿತು. ಮರುದಿನ ನಿನ್ನ ಪತ್ರಿಕೆಯಲ್ಲಿ ಆ ಸುದ್ದಿ ಇರಲಿಲ್ಲ. ಬೇರೊಂದು ಕಡೆ ಇತ್ತು, ಬದುಕಿದ್ದವನ ಹೆಸರಿನ ಜೊತೆ. ಆ ಮನೆಗೆ ಬೆಳಿಗ್ಗೆಯಿಂದ ಜನ ಹೂವು ಹಿಡಿದುಕೊಂಡು ಬಂದದ್ದನ್ನು ನಾನು ಕಣ್ಣಾರೆ ಕಂಡವನು. ನಿನ್ನನ್ನು ಎಡಿಟರ್ ಮಾಡಿದ್ದು ಬೆಂಗಳೂರೂ ಅಲ್ಲ, ದುಬೈಯೂ ಅಲ್ಲ, ಆ ಬಸ್ ಸ್ಟ್ಯಾಂಡು.

2000ದ ಆಸುಪಾಸಿನಲ್ಲಿ ಕನ್ನಡ ಸುದ್ದಿ ಇಂಟರ್ನೆಟ್ಟಿಗೆ ಬಂತು. ನೀನು ಬೆಂಗಳೂರಿಗೆ ಹೋದೆ. ಪೇಪರ್ ಬಿಟ್ಟು ಕಂಪ್ಯೂಟರಿಗೆ ಹೋದ ಅಂತ ಇಲ್ಲಿ ಮಾತಾಡಿಕೊಂಡರು. ಆಗ ಒಬ್ಬೊಬ್ಬರದು ಒಂದೊಂದು ಫಾಂಟ್. ಓದುವವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಸುದ್ದಿಯ ಜಾಗದಲ್ಲಿ ಬರೀ ಗೀಚುಗೀಚು ಚಿಹ್ನೆಗಳು. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ 'ಬರಹ' 1998ರಲ್ಲಿ ಬಂದಿತ್ತು, ಆಮೇಲೆ ಅಂಥದೇ 'ನುಡಿ' ಬಂತು, ಟೈಪ್ ಮಾಡುವ ಕಷ್ಟ ಕಡಿಮೆಯಾಯಿತು. ಆದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲಾಗುವ ಯೂನಿಕೋಡ್‌ಗೆ ಎಲ್ಲರೂ ಬರಲು ವರ್ಷಗಳೇ ಹಿಡಿದವು. ಹಳೆಯ ಸುದ್ದಿಗಳನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅರ್ಕಾವತ್ತು ಜಾಗ ತಪ್ಪಿ ಕೂರುತ್ತಿತ್ತು, ಒತ್ತಕ್ಷರ ಕಳಚಿ ಬೀಳುತ್ತಿತ್ತು. ನೀನು ರಾತ್ರಿ ಎಲ್ಲರೂ ಹೋದ ಮೇಲೆ ಒಂದೊಂದನ್ನೇ ತೆರೆದು ಸರಿ ಮಾಡುತ್ತಿದ್ದೆ, ಯಾರೂ ಹೇಳದೆ. ಹಾಗೆ ಮಾಡದವರ ಎಷ್ಟೋ ಹಳೆಯ ಪುಟಗಳು ಇವತ್ತು ಯಾರಿಗೂ ಓದಲಾಗದೆ ಬಿದ್ದಿವೆ.

ಆಮೇಲೆ 2007ರಲ್ಲಿ ದುಬೈ. ನಿನ್ನ ಅಪ್ಪನ ಸಾಲ, ತೋಟಕ್ಕೆ ಹಾಕಿದ ದುಡ್ಡು, ಮೆಣಸಿನ ಬಳ್ಳಿಗೆ ಬಂದ ಕೊಳೆರೋಗ, ಇದೆಲ್ಲ ನಿನಗೆ ಗೊತ್ತಿರುವುದೇ, ಮತ್ತೆ ಯಾಕೆ ಬರೆಯಲಿ. ಕೆಲಸ ಹೋದರೆ ವೀಸಾ ಹೋಗುತ್ತದೆ ಅನ್ನುವ ಭಯದಲ್ಲಿ ಬದುಕುವುದು ಹೇಗಿರುತ್ತದೆ ಅಂತ ನೀನು ಫೋನಿನಲ್ಲಿ ಹೇಳಿದ್ದು ಮಾತ್ರ ಮರೆತಿಲ್ಲ. ಗಲ್ಫಿಗೆ ಹೋದ ಸುಂಟಿಕೊಪ್ಪ, ಸಿದ್ದಾಪುರ, ನಾಪೋಕ್ಲು ಕಡೆಯ ಎಲ್ಲರಿಗೂ ಅದು ಗೊತ್ತು.

ನಾನು ಹೇಳಬೇಕೆಂದಿರುವುದು 2010ರ ಮೇ 22ರ ಬೆಳಿಗ್ಗೆಯ ವಿಷಯ. ದುಬೈಯಿಂದ ಮಂಗಳೂರಿಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕೆಳಗೆ ಬಿತ್ತು. ನಮಗೆ ಬೆಳಿಗ್ಗೆ ಆರು ಗಂಟೆ ದಾಟಿತ್ತು, ನಿಮಗಿನ್ನೂ ಬೆಳಕಾಗಿರಲಿಲ್ಲ. ನೀನು ರಾತ್ರಿ ಪಾಳಿಯಲ್ಲಿದ್ದೆ. ಆ ಡೆಸ್ಕಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬರುತ್ತಿದ್ದವನು ನೀನೊಬ್ಬನೇ. ಬಜ್ಪೆ ಎಲ್ಲಿದೆ, ಅದು ಗುಡ್ಡ ಕಡಿದು ಮಾಡಿದ ರನ್‌ವೇ, ಆ ವಿಮಾನದಲ್ಲಿ ಕಾಸರಗೋಡಿನವರೂ ಇರುತ್ತಾರೆ, ಭಟ್ಕಳದವರೂ ಇರುತ್ತಾರೆ ಅಂತ ಉಳಿದವರಿಗೆ ತಿಳಿಸಿ ಹೇಳಿದವನು ನೀನು. ಹಿಂದಿನ ರಾತ್ರಿ ಏರ್‌ಪೋರ್ಟಿಗೆ ಬಿಟ್ಟು ಬಂದವರು ಒಬ್ಬೊಬ್ಬರಾಗಿ ಆಫೀಸಿಗೆ ಫೋನ್ ಮಾಡಲು ಶುರು ಮಾಡಿದರು. ಎಲ್ಲರದೂ ಒಂದೇ ಪ್ರಶ್ನೆ. ಬದುಕಿ ಉಳಿದವರಲ್ಲಿ ನಮ್ಮವರು ಇದ್ದಾರಾ?

ಒಟ್ಟು 166 ಜನ ಇದ್ದರು, 158 ಜನ ತೀರಿಕೊಂಡರು, ಉಳಿದದ್ದು 8 ಜನ. ಆದರೆ ಮೊದಲ ಗಂಟೆಗಳಲ್ಲಿ ಯಾರಿಗೂ ಈ ಲೆಕ್ಕ ಗೊತ್ತಿರಲಿಲ್ಲ. ಒಂದು ಕಡೆಯಿಂದ ಒಂದು ಸಂಖ್ಯೆ, ಇನ್ನೊಂದು ಕಡೆಯಿಂದ ಇನ್ನೊಂದು. ಉಳಿದವರ ಹೆಸರು ಅಂತ ಯಾರೋ ಒಂದು ಪಟ್ಟಿ ಕಳಿಸಿದ್ದರು, ಅದನ್ನು ಹಾಕು ಅಂತ ನಿನ್ನ ಮೇಲಿನವರು ಒತ್ತಾಯ ಮಾಡುತ್ತಿದ್ದರು. ನೀನು ಮಂಗಳೂರಿನ ಆಸ್ಪತ್ರೆಗಳಿಗೆ ಫೋನ್ ಹಚ್ಚಿ, ತುಳುವಿನಲ್ಲಿ ಮಾತಾಡಿ, ಒಳಗೆ ಯಾರಿದ್ದಾರೆ ಅಂತ ಒಬ್ಬೊಬ್ಬರನ್ನೇ ಖಚಿತ ಮಾಡಿಕೊಂಡು ಹಾಕಿದೆ. ಅಷ್ಟು ಹೊತ್ತು ನಿಮ್ಮ ಪುಟ ಬೇರೆಯವರಿಗಿಂತ ಹಿಂದೆ ಇತ್ತು. ಆ ಪಟ್ಟಿಯಲ್ಲಿದ್ದ ಒಂದು ಹೆಸರು ಉಳಿದವರದಾಗಿರಲಿಲ್ಲ ಅಂತ ಸಂಜೆ ಗೊತ್ತಾಯಿತು. ನೀನು ಅದನ್ನು ಹಾಕಿದ್ದರೆ ಆ ಮನೆಯವರು ಒಂದು ಹಗಲು ಪೂರ್ತಿ ಅವನು ಬದುಕಿದ್ದಾನೆ ಅಂತ ದೇವರಿಗೆ ಕೈ ಮುಗಿಯುತ್ತಾ ಇರುತ್ತಿದ್ದರು. ಇದಕ್ಕೆ ಯಾವ ಬೈಲೈನ್, ಸುದ್ದಿಯ ಮೇಲೆ ಯಾವ ಹೆಸರು ಬೇಕು ಹೇಳು?

ಕೆನಡಾಕ್ಕೆ 2016ರಲ್ಲಿ ಹೋದ ಮೇಲಿನ ಮೊದಲ ಚಳಿಗಾಲದ ಬಗ್ಗೆ ನೀನು ಜಾಸ್ತಿ ಹೇಳಲೇ ಇಲ್ಲ. ಹೋದ ಕಡೆಯಲ್ಲೆಲ್ಲ ಕೆನಡಾದ ಅನುಭವ ಇದೆಯಾ ಅಂತ ಕೇಳಿದರು, ಗೋದಾಮಿನಲ್ಲಿ ರಾತ್ರಿ ಪೆಟ್ಟಿಗೆ ಎತ್ತುವ ಕೆಲಸ ಮಾಡಿದೆ, ನಿನ್ನ ಹೆಂಡತಿ ಡೇಕೇರಿನಲ್ಲಿ ಕೆಲಸಕ್ಕೆ ಹೋದಳು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಇಲ್ಲಿ ಹುತ್ತರಿಯ ದಿನ ಅವ್ವ ಫೋನ್ ಮಾಡಿದಾಗ ನೀನು 'ಆಫೀಸಲ್ಲಿದ್ದೇನೆ' ಅಂದಿದ್ದೆ. ಇರಲಿ. ಕೊನೆಗೆ ಒಂದು ಸುದ್ದಿ ಸಂಸ್ಥೆಯಲ್ಲಿ ಮೂರು ತಿಂಗಳ ಕಾಂಟ್ರಾಕ್ಟ್ ಸಿಕ್ಕಿತು, ಅದು ಮುಂದುವರಿಯಿತು, ರಾತ್ರಿ ಡೆಸ್ಕಿನ ಜವಾಬ್ದಾರಿ ಬಂತು. ಮೊಬೈಲಿಗೆ ಹೋಗುವ ಅಲರ್ಟ್ ಬಿಡುವ ಬಟನ್ ನಿನ್ನ ಕೈಯಲ್ಲಿ. ಪೇಪರಿನಲ್ಲಿ ತಪ್ಪಾದರೆ ನಾಳೆ ತಿದ್ದುಪಡಿ ಹಾಕಬಹುದು, ವೆಬ್‌ಸೈಟಿನಲ್ಲಿ ಆದರೆ ಐದು ನಿಮಿಷದಲ್ಲಿ ಸರಿ ಮಾಡಬಹುದು, ಆದರೆ ಅಲರ್ಟ್ ಹೋಯಿತೆಂದರೆ ಲಕ್ಷಗಟ್ಟಲೆ ಜನರ ಜೇಬಿನಲ್ಲಿ ಸದ್ದು ಮಾಡಿ ಆಗಿರುತ್ತದೆ, ವಾಪಸ್ ಕರೆಯಲಾಗದು ಅಂತ ನೀನೇ ಹೇಳಿದ್ದೆ.

ಈಗ 2018ರ ಆಗಸ್ಟ್. ಇದನ್ನು ಬರೆಯುವಾಗ ಈಗಲೂ ಕೈ ನಿಧಾನವಾಗುತ್ತದೆ.

ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ. ಗುಡ್ಡಕ್ಕೆ ಗುಡ್ಡವೇ ತೋಟ, ಮನೆ, ರಸ್ತೆ ಸಮೇತ ಕೆಳಗೆ ಬಂತು. ಮಂಗಳೂರು ರಸ್ತೆ ಬಂದ್. ಕರೆಂಟ್ ಇಲ್ಲ. ಟವರ್ ಸತ್ತು ಹೋಗಿತ್ತು. ಜಿಲ್ಲೆಯಲ್ಲಿ ಇಪ್ಪತ್ತರಷ್ಟು ಜನ ತೀರಿಕೊಂಡರು, ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಇಲ್ಲಿದ್ದ ನಮಗೆ ಪಕ್ಕದ ಊರಿನಲ್ಲಿ ಏನಾಗಿದೆ ಅಂತ ಗೊತ್ತಿರಲಿಲ್ಲ. ಚಾರ್ಜ್ ಉಳಿದ ಫೋನು ಗುಡ್ಡದ ಮೇಲೆ ಎಲ್ಲಾದರೂ ಒಂದು ಕಡ್ಡಿ ಸಿಗ್ನಲ್ ಹಿಡಿದರೆ, ಆ ಒಂದು ನಿಮಿಷದಲ್ಲಿ ನಾವು ಕೇಳುತ್ತಿದ್ದದ್ದು ಹೊರಗಿನವರನ್ನು. ಬೆಂಗಳೂರಿನವರನ್ನು, ದುಬೈಯವರನ್ನು, ನಿನ್ನನ್ನು.

ನಮಗೆ ರಾತ್ರಿ ಹನ್ನೊಂದಾದರೆ ನಿಮಗೆ ಮಧ್ಯಾಹ್ನ ಒಂದೂವರೆ. ನೀನು ರಜೆ ಹಾಕಿ ಕೂತಿದ್ದೆ. ಒಂದು ಪಟ್ಟಿ ಮಾಡಿದ್ದೆ. ಹೆಸರು, ಊರು, ಕೊನೆಗೆ ನೋಡಿದ್ದು ಎಲ್ಲಿ, ಯಾವಾಗ, ಹೇಳಿದವರು ಯಾರು, ಅವರು ಕಣ್ಣಾರೆ ನೋಡಿದರಾ ಅಥವಾ ಕೇಳಿದ್ದಾ. ಆ ಕೊನೆಯ ಕಲಂ ನಮ್ಮಲ್ಲಿ ಬೇರೆ ಯಾರ ಪಟ್ಟಿಯಲ್ಲೂ ಇರಲಿಲ್ಲ. ಕಣ್ಣಾರೆ ಕಂಡವರು ಹೇಳಿದರೆ ಮಾತ್ರ 'ಸುರಕ್ಷಿತ'. ಇಲ್ಲದಿದ್ದರೆ 'ಮಾಹಿತಿ ಇಲ್ಲ'. ಜನ ಬೈದರು. ನಮ್ಮ ಮಾವ ಕ್ಯಾಂಪಿನಲ್ಲಿದ್ದಾರೆ ಅಂತ ಎಲ್ಲರೂ ಹೇಳುತ್ತಿದ್ದಾರಲ್ಲ, ನಿನ್ನದೇನು ಅಂದರು. ನೀನು ಬದಲಾಯಿಸಲಿಲ್ಲ.

ಅದೇ ಪಟ್ಟಿಯಲ್ಲಿ ನಿನ್ನ ಅವ್ವನ ಹೆಸರೂ ಇತ್ತು. ಅವರು ಪರಿಹಾರ ಕೇಂದ್ರ ಸೇರಿದ್ದಾರಂತೆ ಅಂತ ನಿನ್ನ ಚಿಕ್ಕಪ್ಪನ ಮಗನಿಗೆ ಯಾರೋ ಹೇಳಿದ್ದರು, ಅವನು ನಿನಗೆ ಹೇಳಿದ್ದ. ಆದರೂ ಅವ್ವನ ಹೆಸರಿನ ಮುಂದೆ 'ಮಾಹಿತಿ ಇಲ್ಲ' ಅಂತಲೇ ಇತ್ತು, ಇಡೀ ಒಂದು ರಾತ್ರಿ. ಮರುದಿನ ನಾನು ಕೇಂದ್ರಕ್ಕೆ ಹೋಗಿ, ಅವರನ್ನು ನೋಡಿ, ಅವರ ಕೈಗೆ ಬಿಸಿ ಕಾಫಿ ಕೊಟ್ಟು, ಸಿಗ್ನಲ್ ಹುಡುಕಿಕೊಂಡು ಬಂದು ನಿನಗೆ ಹೇಳಿದ ಮೇಲೆ ನೀನು ಅದನ್ನು ಬದಲಾಯಿಸಿದೆ. ಆಮೇಲೆ ಆ ಕಡೆಯಿಂದ ಮಾತು ಬರಲಿಲ್ಲ, ಬಹಳ ಹೊತ್ತು. ನಾನು ಫೋನ್ ಹಿಡಿದು ನಿಂತೇ ಇದ್ದೆ. ಸ್ವಂತ ಅವ್ವನಿಗೂ ಬೇರೆ ನಿಯಮ ಮಾಡದ ಮನುಷ್ಯನನ್ನು ನಾನು ಅವತ್ತು ನೋಡಿದೆ, ಅಂಥವನು ನನ್ನ ಗೆಳೆಯ ಅಂತ ಇವತ್ತಿಗೂ ಹೆಮ್ಮೆ ಇದೆ, ಇದನ್ನು ನಿನ್ನ ಮುಖಕ್ಕೆ ಹೇಳಿರಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಆ ವಾರವೇ ಒಂದು ವಿಡಿಯೋ ಬಂತಲ್ಲ. ಗುಡ್ಡ ಕುಸಿದು ಮನೆಗಳು ಹೋಗುವ ವಿಡಿಯೋ, ಮೇಲೆ ಮಡಿಕೇರಿ ಅಂತ ಬರೆದಿತ್ತು. ಎಲ್ಲರೂ ಅತ್ತರು. ನೀನು ಮಾತ್ರ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಇದು ನಮ್ಮದಲ್ಲ ಅಂದೆ. ಇಳಿಜಾರಿನಲ್ಲಿ ಎಲ್ಲೂ ಸಿಲ್ವರ್ ಓಕ್ ಇಲ್ಲ, ಮರಕ್ಕೆ ಮೆಣಸಿನ ಬಳ್ಳಿ ಇಲ್ಲ, ಮನೆಗಳ ಛಾವಣಿ ನಮ್ಮ ಕಡೆಯ ಹಾಗಿಲ್ಲ, ಅಂಗಡಿಯ ಬೋರ್ಡಿನ ಅಕ್ಷರ ಕನ್ನಡ ಅಲ್ಲ. ಆಮೇಲೆ ಅದರ ಒಂದು ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಿ, ಅದು ಹಿಂದಿನ ಯಾವುದೋ ವರ್ಷದ, ಬೇರೆ ರಾಜ್ಯದ್ದು ಅಂತ ತೋರಿಸಿದೆ. ಕೆನಡಾದಲ್ಲಿ ಕೂತು ನಮ್ಮ ತೋಟದ ಮರ ನೋಡಿ ಸುಳ್ಳು ಹಿಡಿದೆ. ಊರು ಬಿಟ್ಟವನಿಗೆ ಊರಿನ ಸುದ್ದಿ ಏನು ಗೊತ್ತು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಆಮೇಲೆ ಐದು ವರ್ಷಕ್ಕೆ ಅದೇ ಕಥೆ ನಿಮ್ಮ ಕಡೆ ಆಯಿತು. 2023ರ ಆಗಸ್ಟ್, ಉತ್ತರದ ಯೆಲ್ಲೊನೈಫ್ ಊರಿಗೆ ಕಾಡ್ಗಿಚ್ಚು ಹತ್ತಿರ ಬಂದು ಇಪ್ಪತ್ತು ಸಾವಿರದಷ್ಟು ಜನ ಊರು ಖಾಲಿ ಮಾಡಬೇಕಾಯಿತು. ಹೊರಗೆ ಹೋಗಲು ಇದ್ದದ್ದು ಒಂದೇ ಹೆದ್ದಾರಿ. ಅದೇ ತಿಂಗಳ ಶುರುವಿನಿಂದ ಕೆನಡಾದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸುದ್ದಿಯ ಲಿಂಕ್ ಕಾಣುತ್ತಿರಲಿಲ್ಲ. ಇಂಥ ಕಂಪನಿಗಳು ಸುದ್ದಿ ಸಂಸ್ಥೆಗಳಿಗೆ ದುಡ್ಡು ಕೊಡಬೇಕು ಅಂತ ಅಲ್ಲಿ ಕಾನೂನು ಬಂತು, ಆ ಎರಡನ್ನೂ ನಡೆಸುವ ಮೆಟಾ ಕಂಪನಿ ಸುದ್ದಿಯನ್ನೇ ನಿಲ್ಲಿಸಿತು. ಜನ ಸ್ಕ್ರೀನ್‌ಶಾಟ್ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡರು. ಅವತ್ತಿನಿಂದ ನೀನು ಪ್ರತಿ ತುಣುಕಿನ ತಲೆಯ ಮೇಲೇ ಸಮಯ ಮತ್ತು ದಿನಾಂಕ ಹಾಕಲು ಶುರು ಮಾಡಿದೆ. ಸ್ಕ್ರೀನ್‌ಶಾಟ್ ಎಲ್ಲಿಗೆ ಹೋದರೂ ಸಮಯವೂ ಅದರ ಜೊತೆಯೇ ಹೋಗುತ್ತದೆ. ರಸ್ತೆ ತೆರೆದಿದೆ ಅನ್ನುವುದು ಬೆಳಿಗ್ಗೆ ಏಳಕ್ಕೆ ನಿಜ, ಒಂಬತ್ತಕ್ಕೆ ಸುಳ್ಳು ಆಗಿರಬಹುದು ಅಂತ ಸಂಪಾಜೆ ಘಾಟಿ ಕಂಡವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲಸ ಹೋದದ್ದು ನಿನ್ನ ತಪ್ಪಿನಿಂದ ಅಲ್ಲ ಅಂತ ನಾನು ಹೇಳಬೇಕಾಗಿಲ್ಲ. ಜಾಹೀರಾತಿನ ದುಡ್ಡು ದೊಡ್ಡ ಕಂಪನಿಗಳ ಕಡೆ ಹೋಯಿತು, ಫೇಸ್‌ಬುಕ್ಕಿನಿಂದ ಬರುತ್ತಿದ್ದ ಓದುಗರು ಹೋದರು, ಈಗ ಗೂಗಲಿನಲ್ಲಿ ಹುಡುಕಿದರೆ ಎಐ ಮೇಲೆಯೇ ಉತ್ತರ ಕೊಡುತ್ತದೆ, ಕೆಳಗಿನ ಲಿಂಕ್ ಯಾರು ಒತ್ತುತ್ತಾರೆ? ಇಂಥ ಸಮಯದಲ್ಲಿ ಮೊದಲು ಕಡಿತವಾಗುವುದು ಹೆಸರು ಕಾಣದವರ ಸಂಬಳ. ಇದು ಅನ್ಯಾಯ. ತಪ್ಪು ಬಾರದ ಹಾಗೆ ನೋಡಿಕೊಂಡವನ ಕೆಲಸ ಲೆಕ್ಕಕ್ಕೆ ಸಿಗುವುದಿಲ್ಲ, ಯಾಕೆಂದರೆ ಆಗದೇ ಹೋದ ಅನಾಹುತವನ್ನು ಯಾರೂ ಎಣಿಸುವುದಿಲ್ಲ.

ಸರಿ, ಪೋರ್ಟಲ್.

ಬೇಡ. ಕಾರಣ ಹೇಳುತ್ತೇನೆ. ನೀನೀಗ ಕೆನಡಾ ಪ್ರಜೆ, ಕೈಯಲ್ಲಿರುವುದು ಓಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್. 2021ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಇಲಾಖೆ ಮಾಡಿದ ಆದೇಶದ ಪ್ರಕಾರ ಓಸಿಐ ಇರುವವರು ಭಾರತದಲ್ಲಿ ಪತ್ರಿಕೋದ್ಯಮದ ಕೆಲಸ ಮಾಡಲು ವಿಶೇಷ ಅನುಮತಿ ತೆಗೆದುಕೊಳ್ಳಬೇಕು. ಡಿಜಿಟಲ್ ಸುದ್ದಿಗೆ ವಿದೇಶಿ ಬಂಡವಾಳ ಶೇಕಡಾ 26ಕ್ಕಿಂತ ಹೆಚ್ಚು ಇರುವಂತಿಲ್ಲ, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಅದೇ 2021ರಲ್ಲಿ ಬಂದ ಐಟಿ ನಿಯಮಗಳಲ್ಲಿ ಡಿಜಿಟಲ್ ಸುದ್ದಿಯವರು ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಡಬೇಕು, 15 ದಿನದಲ್ಲಿ ದೂರು ತೀರ್ಮಾನ ಮಾಡಬೇಕು ಅಂತ ಇದೆ. ಬರುವುದಾದರೆ ಮೊದಲು ಒಬ್ಬ ಒಳ್ಳೆಯ ವಕೀಲರ ಹತ್ತಿರ ಕೂತು ಎಲ್ಲ ಕೇಳಿಕೋ. ತೋಟ ತೆಗೆದುಕೊಂಡು ಅದರ ಆದಾಯದಲ್ಲಿ ಪೋರ್ಟಲ್ ನಡೆಸುತ್ತೇನೆ ಅಂದಿದ್ದೀಯಲ್ಲ, ಓಸಿಐ ಇರುವವರು ಕೃಷಿ ಜಮೀನಾಗಲಿ, ತೋಟವಾಗಲಿ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಕಾಫಿಗೆ ಈಗ ಒಳ್ಳೆಯ ರೇಟ್ ಇದೆ ನಿಜ, ಆದರೆ ಆ ರೇಟ್ ನಿರ್ಧಾರ ಆಗುವುದು ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ, ಬ್ರೆಜಿಲಿನ ಹಿಮ ಮತ್ತು ವಿಯೆಟ್ನಾಮಿನ ಬರ ನೋಡಿ. ಅದನ್ನು ನಂಬಿ ಹುಡುಗರಿಗೆ ತಿಂಗಳ ಸಂಬಳ ಕೊಡಲಾಗುವುದಿಲ್ಲ.

ಆದರೆ ಇವು ದೊಡ್ಡ ಕಾರಣಗಳಲ್ಲ. ದೊಡ್ಡ ಕಾರಣ ಬೇರೆ. ಸುದ್ದಿ ಹಾಕುವವರು ನಮ್ಮಲ್ಲಿ ಕಡಿಮೆ ಇಲ್ಲ. ಒಂದೊಂದು ಊರಿಗೂ ಒಂದೊಂದು ಯೂಟ್ಯೂಬ್ ಚಾನೆಲ್, ಹತ್ತು ವಾಟ್ಸಾಪ್ ಗ್ರೂಪ್. ಹಾಕುವ ಮೊದಲು ನಿಲ್ಲಿಸಿ ಕೇಳುವವರು ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ, ನಿನಗೆ ಅರ್ಥವಾಗುತ್ತದೆ. ಪ್ರತಿ ಜುಲೈ ತಿಂಗಳಲ್ಲಿ ಜೋರು ಮಳೆ ಶುರುವಾದ ಕೂಡಲೇ ಶಾಲೆಗಳಿಗೆ ರಜೆ ಅನ್ನುವ ಜಿಲ್ಲಾಧಿಕಾರಿಗಳ ಆದೇಶ ಫೋನಿಂದ ಫೋನಿಗೆ ಓಡುತ್ತದೆ. ಆದೇಶ ನಿಜವೇ. ಸಹಿ ನಿಜವೇ. ಆದರೆ ಅದು ಹೋದ ವರ್ಷದ್ದು. ದಿನಾಂಕ ಇರುವ ಮೇಲಿನ ಸಾಲು ಕತ್ತರಿಸಿ ಹೋಗಿರುತ್ತದೆ. ತಲುಪಿದ ಮನೆಯಲ್ಲಿ ಮಕ್ಕಳು ಶಾಲೆಗೆ ಹೋಗುವುದಿಲ್ಲ, ಸಿಗ್ನಲ್ ಇಲ್ಲದ ಮನೆಯ ಮಕ್ಕಳು ನೆನೆದುಕೊಂಡು ಹೋಗುತ್ತಾರೆ. ಇದು ಸಣ್ಣದು ಅನ್ನಬಹುದು. ಆನೆಯ ಸುದ್ದಿ ಸಣ್ಣದಲ್ಲ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ಬೆಳಿಗ್ಗೆ ತೋಟಕ್ಕೆ ಕೆಲಸಕ್ಕೆ ಹೋಗುವ ಹೆಂಗಸರಿಗೆ 'ಆನೆ ಇದೆ, ಎಚ್ಚರ' ಅಂತ ಒಂದು ಮೆಸೇಜ್ ಬಂದರೆ ಏನು ಮಾಡಬೇಕು? ಎಲ್ಲಿ? ಯಾವಾಗ ನೋಡಿದ್ದು? ಒಂಟಿಯಾ, ಗುಂಪಾ? ಮರಿ ಇದೆಯಾ? ಯಾವ ಕಡೆ ಹೋಗುತ್ತಿತ್ತು? ಯಾರು ನೋಡಿದ್ದು? ನಿನ್ನೆ ರಾತ್ರಿಯ ಸುದ್ದಿ ಇವತ್ತು ಬೆಳಿಗ್ಗೆ ಮತ್ತೆ ಬಂದರೆ ಜನ ನಂಬುವುದನ್ನೇ ಬಿಡುತ್ತಾರೆ. ನಂಬದ ದಿನವೇ ಆನೆ ನಿಜವಾಗಿ ಆ ತೋಟದಲ್ಲಿ ನಿಂತಿರುತ್ತದೆ. ನಿನ್ನ ಪಟ್ಟಿಯ ಆ ಕೊನೆಯ ಕಲಂ ಈ ಒಂದು ಕೆಲಸಕ್ಕೆ ಬಂದರೂ ಸಾಕು, ಜೀವ ಉಳಿಯುತ್ತದೆ. ನಾನು ದೊಡ್ಡ ಮಾತಾಡುತ್ತಿಲ್ಲ.

2022ರ ಜೂನ್ ಕೊನೆಗೆ ಚೆಂಬು, ಸಂಪಾಜೆ ಕಡೆ ಭೂಮಿ ನಡುಗಿದಾಗಲೂ ಹೀಗೇ ಆಯಿತು. ನಡುಗಿದ್ದು ನಿಜ. ಅದರ ಬೆನ್ನಿಗೆ ರಾತ್ರಿ ದೊಡ್ಡದು ಬರುತ್ತದಂತೆ ಅಂತ ಆಡಿಯೋ. ಇಂಥ ದಿನ ಇಂಥ ಹೊತ್ತಿಗೆ ಭೂಕಂಪ ಆಗುತ್ತದೆ ಅಂತ ಯಾವ ವಿಜ್ಞಾನಿಯೂ ಮುಂಚೆ ಹೇಳಲಾರ ಅನ್ನುವ ಒಂದು ಸಾಲನ್ನು ಆ ಹೊತ್ತಿಗೆ ಗಟ್ಟಿಯಾಗಿ ಬರೆಯುವವರು ಬೇಕಿತ್ತು. ನಮ್ಮ ಹುಡುಗರು ಒಳ್ಳೆಯವರು, ಧೈರ್ಯ ಇದೆ, ಮಳೆಯಲ್ಲಿ ಬೈಕ್ ಓಡಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ ಅಷ್ಟೇ. ನಮಗೆ ಜೀಪಿನ ಸಂಜೆ ಸಿಕ್ಕಿತು. ಅವರಿಗೆ ಅದು ಸಿಗುವ ಮೊದಲೇ ಬಟನ್ ಸಿಕ್ಕಿತು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ನೀನು ಅಲ್ಲೇ ಇರು ಅಥವಾ ಇಲ್ಲಿಗೆ ಬಾ, ಅದು ನಿನ್ನ ಮನೆಯವರ ಜೊತೆ ಕೂತು ತೀರ್ಮಾನ ಮಾಡುವ ವಿಷಯ. ಆದರೆ ವಾರಕ್ಕೊಂದು ಸಂಜೆ ಈ ಹುಡುಗರಿಗೆ ಕೊಡು. ಸರ್ಟಿಫಿಕೇಟ್ ಬೇಡ, ಫೀಸ್ ಬೇಡ. ಹೆಸರು ಖಚಿತ ಮಾಡುವುದು ಹೇಗೆ, ವಿಡಿಯೋ ಹಳೆಯದಾ ಅಂತ ನೋಡುವುದು ಹೇಗೆ, ಸತ್ತವರ ಮನೆಯವರಿಗೆ ಗೊತ್ತಾಗುವ ಮೊದಲು ಹೆಸರು ಯಾಕೆ ಹಾಕಬಾರದು, ತಪ್ಪಾದರೆ ಅಳಿಸಿ ಸುಮ್ನಿರುವ ಬದಲು ತಪ್ಪಾಗಿದೆ ಅಂತ ಅಲ್ಲೇ ಬರೆಯುವುದು ಹೇಗೆ. ಕರೆಂಟ್ ಹೋದ ರಾತ್ರಿ ಅವರು ಫೋನ್ ಮಾಡಿದರೆ ಎತ್ತು. ನಮ್ಮ ರಾತ್ರಿ ನಿನ್ನ ಹಗಲು. ಇಲ್ಲಿ ಇಡೀ ಜಿಲ್ಲೆ ಕತ್ತಲಲ್ಲಿ ಕೂತಿರುವಾಗ ಎಚ್ಚರ ಇದ್ದು, ಇಂಟರ್ನೆಟ್ ಇದ್ದು, ಊರೂ ಗೊತ್ತಿದ್ದು, ಕೆಲಸವೂ ಗೊತ್ತಿರುವ ಒಬ್ಬ ಮನುಷ್ಯ ಹೊರಗಿರುವುದು ನಮಗೆ ಲಾಭವೇ ಹೊರತು ನಷ್ಟ ಅಲ್ಲ.

ಊರು ಬಿಟ್ಟವನು ಎಡಿಟರ್ ಆಗುವುದು ಕನ್ನಡಕ್ಕೆ ಹೊಸತೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ, 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಬಂತು. ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಜರ್ಮನಿಯಿಂದ ಹಡಗು ಹತ್ತಿ ಬಂದವರು. ಅವರೇ ಆಮೇಲೆ 1853ರಲ್ಲಿ ಕೊಡಗಿಗೆ ಬಂದು, ಸಿದ್ದಾಪುರ ಕಡೆಯ ಆನಂದಪುರದಲ್ಲಿ ವರ್ಷಗಟ್ಟಲೆ ಇದ್ದರು. ಬಂದ ಉದ್ದೇಶ ಧರ್ಮ ಪ್ರಚಾರ, ಅದು ಬೇರೆ ಚರ್ಚೆ. ಆದರೆ ಬೇರೆ ಊರಿನಿಂದ ಬಂದವರೊಬ್ಬರು ಕನ್ನಡದಲ್ಲಿ ಸುದ್ದಿ ಕೊಟ್ಟರು ಅನ್ನುವುದು ನಿಜ ತಾನೇ? ನೀನು ನಮ್ಮ ಊರಿನಿಂದಲೇ ಹೋದವನು. ನಿನಗೆ ಯಾವ ಸಂಕೋಚ?

ಅವ್ವನ ವಿಷಯ. ಮಂಡಿ ನೋವು ಇದೆ, ಉಳಿದಂತೆ ಗಟ್ಟಿ ಇದ್ದಾರೆ. ಹೊಸ ಮನೆಗೆ ಒಗ್ಗಿಕೊಂಡಿದ್ದಾರೆ, ಆದರೂ ಮಳೆ ಜೋರಾದರೆ ಮಲಗುವುದಿಲ್ಲ. ಮೊನ್ನೆ ಹೋದಾಗ ಫೋನಿನಲ್ಲಿ ಬಂದ ಯಾವುದೋ ಮೆಸೇಜ್ ತೋರಿಸಿ, ಇದನ್ನು ನನ್ನ ಮಗನಿಗೆ ಕಳಿಸು, ಅವನು ನಿಜ ಅಂದರೆ ನಂಬುತ್ತೇನೆ ಅಂದರು. ಕಳಿಸುತ್ತಿದ್ದೇನೆ, ನೋಡಿ ಹೇಳು. ಆರ್‌ಟಿಸಿಯಲ್ಲಿ ನಿನ್ನ ಹೆಸರು ಸೇರಿಸುವ ಕೆಲಸ ಅಪ್ಪ ತೀರಿಕೊಂಡ ಮೇಲೆ ಹಾಗೇ ನಿಂತಿದೆ, ಬಂದಾಗ ಅದನ್ನೂ ಮುಗಿಸಬೇಕು, ತಾಲೂಕು ಕಚೇರಿಗೆ ನಾನೂ ಬರುತ್ತೇನೆ.

ಸುಂಟಿಕೊಪ್ಪದಲ್ಲಿ ಒಂದು ಕೋಣೆ ಕೇಳಿದ್ದೇನೆ, ಪ್ರೊಜೆಕ್ಟರ್ ಕೊಡುತ್ತೇವೆ ಅಂದಿದ್ದಾರೆ. ಶನಿವಾರ ಸಂಜೆ ಏಳು ಗಂಟೆ ಅಂದರೆ ನಿನಗೆ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲದಲ್ಲಿ ಎಂಟೂವರೆ. ಆಗುತ್ತಾ ಹೇಳು. ಮೊದಲ ದಿನಕ್ಕೆ ಆ ರಜೆ ಆದೇಶವನ್ನೇ ಇಟ್ಟುಕೊಳ್ಳೋಣ, ನನ್ನ ಹತ್ತಿರ ಬೇರೆ ಬೇರೆ ವರ್ಷದ್ದು ಇವೆ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ. 2018ರ ಪಟ್ಟಿಯನ್ನೂ ಹುಡುಕಿ ಇಡು. ಹೆಸರುಗಳನ್ನು ತೆಗೆದು, ಕಲಂಗಳನ್ನು ಮಾತ್ರ ಬಿಟ್ಟು ಕಳಿಸು, ಕನ್ನಡದಲ್ಲಿ ಪ್ರಿಂಟ್ ಹಾಕಿಸಬೇಕು.

ಇಂತಿ ನಿನ್ನ ಗೆಳೆಯ